ಕಂಕುಳು ನೋಡಿ ಹೇಳಿದವರು

ಅವರ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಯಾವ ಕಾಲದಲ್ಲಿ ಹೋಯಿತು, ಹೇಗೆ ಹೋಯಿತು ಎಂದು ಕೇಳಿದವರಿಗೆಲ್ಲ ಒಂದೊಂದು ಕಥೆ ಹೇಳುತ್ತಿದ್ದರು. ಉಗುರಿರಬೇಕಾದ ಜಾಗದಲ್ಲಿ ಎಳೆಗೂಸಿನ ಅಂಗಾಲಿನ ಹಾಗೆ ಮೆತ್ತನೆಯ ಚರ್ಮ. ಆ ಬೋಳು ಬೆರಳನ್ನು ಕೆನ್ನೆಗೆ ಊರಿ, ಮುಖವನ್ನು ಅತ್ತಿತ್ತ ಹೊರಳಿಸಿ, ಬಲಗೈಯಲ್ಲಿ ಕತ್ತಿ ಆಡಿಸುತ್ತಿದ್ದರು. ಮೂಗಿಗೆ ಪಟಿಕದ ವಾಸನೆ, ಅದರ ಹಿಂದೆಯೇ ಹೊಗೆಸೊಪ್ಪಿನ ವಾಸನೆ. ಮದ್ದೂರಿನ ಅರ್ಧಕ್ಕರ್ಧ ಗಂಡಸರ ಮುಖ ಆ ಬೆರಳಿಗೆ ಬಾಯಿಪಾಠವಾಗಿತ್ತು.

ಊರು ಅವರನ್ನು ಕ್ಷೌರದ ಸಾಬರು ಎನ್ನುತ್ತಿತ್ತು. ಎದುರಿಗಿದ್ದಾಗ ನಾನೂ ಹಾಗೇ ಎನ್ನುತ್ತಿದ್ದೆ. ಬೆನ್ನ ಹಿಂದೆ ಏನೆನ್ನುತ್ತಿದ್ದೆ ಎಂಬುದನ್ನು ಬರೆಯುವುದಿಲ್ಲ. ನನ್ನ ಹೇಸಿಗೆ ಈ ಬರಹದಲ್ಲಿ ಹೇಗೂ ಬೇಕಾದಷ್ಟು ಬರುವುದಿದೆ, ಶುರುವಿನಲ್ಲೇ ಮೂಗು ಮುಚ್ಚಿಕೊಳ್ಳುವುದು ಬೇಡ.

ಸಂತೆ ಮೈದಾನದ ಅಂಚಿನ ಹೊಂಗೆ ಮರ ಅವರ ಅಂಗಡಿ. ಒಂದು ಮರದ ಪೆಟ್ಟಿಗೆ, ಒಂದು ಮಣೆ, ಪಾದರಸ ಅರ್ಧ ಹೋಗಿದ್ದ ಒಂದು ಕನ್ನಡಿ. ಆ ಕನ್ನಡಿಯನ್ನು ಎಲ್ಲರಿಗೂ ಕೊಡುತ್ತಿರಲಿಲ್ಲ. ತಮಗೆ ಆಗದವರು ಕೇಳಿದರೆ, "ನಾನ್ ನೋಡ್ತಾ ಇವ್ನಲ್ಲ, ನೀವ್ಯಾಕೆ ನೋಡ್ಬೇಕು, ಸುಮ್ಕೆ ಕುಂತ್ಕಳಿ" ಅಂದುಬಿಡುತ್ತಿದ್ದರು. ಎಂಟು ವರ್ಷ ಅವರ ಮುಂದೆ ಕೂತಿದ್ದೇನೆ. ನನಗೆ ಒಂದು ಸಲವೂ ಕನ್ನಡಿ ಸಿಗಲಿಲ್ಲ.

ಆಗ ನಾನು ಅಲ್ಲಿನ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ವಯಸ್ಸು ಮೂವತ್ತನಾಲ್ಕು. ಕರಿ ಕೋಟು, ಇಸ್ತ್ರಿ ಪಂಚೆ, ಜರಿಯಂಚಿನ ರುಮಾಲು. ಅಕ್ಷರ ದುಂಡಗಿತ್ತು, ಇಂಗ್ಲಿಷಿನಲ್ಲೂ ಅರ್ಜಿ ಬರೆಯಲು ಬರುತ್ತಿತ್ತು. ಆದ್ದರಿಂದ ಬುದ್ಧಿಯೂ ಇರಬೇಕು ಎಂದು ಊರು ನಂಬಿತ್ತು, ಊರಿಗಿಂತ ಹೆಚ್ಚಾಗಿ ನಾನು ನಂಬಿದ್ದೆ.

ಆ ಅಕ್ಷರ ನನಗೆ ಸಿಕ್ಕಿದ್ದು ನನ್ನಣ್ಣನಿಂದ. ನಮ್ಮದು ಮಳವಳ್ಳಿ ತಾಲ್ಲೂಕು, ಬಂಡೂರಿನ ಪಕ್ಕದ ಹಳ್ಳಿ. ಅಪ್ಪ ಪ್ಲೇಗಿನಲ್ಲಿ ಹೋದ ವರ್ಷ ಅಣ್ಣ ತಾನು ಶಾಲೆಗೆ ಹೋಗದೆ ಕುರಿ ಹಿಂದೆ ಹೊರಟ, ನನ್ನನ್ನು ಶಾಲೆಗೆ ಅಟ್ಟಿದ. ಅವನಿಗೆ ತನ್ನ ಹೆಸರು ಓದಲೂ ಬರದು. ನಾನು ಬರೆದ ಕಾಗದಗಳನ್ನೆಲ್ಲ ಒಂದು ತಗಡಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದ. ಓದಬಲ್ಲವರು ಯಾರಾದರೂ ಮನೆಗೆ ಬಂದರೆ ಹಳೆಯ ಕಾಗದವನ್ನೂ ತೆಗೆದು ಮತ್ತೊಮ್ಮೆ ಓದಿಸಿ ಕೇಳುವನು. "ನನ್ ತಮ್ಮ ಬರ್ದವ್ನೆ" ಅಂದರೆ ಮುಗಿಯಿತು, ಅದರ ಮೇಲೆ ಅವನಿಗೆ ಮಾತಿರಲಿಲ್ಲ.

ಎರಡನೆಯ ಮಹಾಯುದ್ಧ ಶುರುವಾದ ವರ್ಷ ನನ್ನ ಮೈ ಕೆಟ್ಟಿತು. ಈಗ ಆ ರೋಗಕ್ಕೆ ಹೆಸರಿದೆ, ಹೀಮೋಕ್ರೊಮಾಟೋಸಿಸ್ ಅನ್ನುತ್ತಾರೆ. ಹೇಳಿ ಮುಗಿಸುವಷ್ಟರಲ್ಲಿ ನಾಲಿಗೆ ತೊಡರುತ್ತದೆ. ತಿಂದ ಅನ್ನದಲ್ಲಿರುವ ಕಬ್ಬಿಣವನ್ನು ಕೆಲವರ ಮೈ ಬೇಕಾದ್ದಕ್ಕಿಂತ ಹೆಚ್ಚು ಹೀರಿಕೊಳ್ಳುತ್ತದಂತೆ. ಅದು ಈಲಿಯಲ್ಲಿ, ಅಂದರೆ ಯಕೃತ್ತಿನಲ್ಲಿ, ಗೆಣ್ಣುಗಳಲ್ಲಿ, ಚರ್ಮದಲ್ಲಿ ಹೋಗಿ ಕೂತು ಒಳಗೇ ಕೊಳೆಯುತ್ತದೆ. ಹೊರಗೆ ಹಾಕಲು ಒಂದೇ ದಾರಿ, ರಕ್ತ ತೆಗೆಯುವುದು. ಇಷ್ಟು ಸರಳವಾದ ಸಂಗತಿ ಆಗ ಮದ್ದೂರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ನಾನು ಯಾರನ್ನೂ ಬೈಯುವುದಿಲ್ಲ. ಗೊತ್ತಿದೆ ಎಂದು ಎದೆ ಉಬ್ಬಿಸಿಕೊಂಡು ತಿರುಗಿದವರನ್ನು ಬೈಯುತ್ತೇನೆ.

ಬೆಳಿಗ್ಗೆ ಎದ್ದರೆ ಹೊಲ ಉತ್ತು ಬಂದವನ ಸುಸ್ತು. ತೋರುಬೆರಳು, ನಡುಬೆರಳಿನ ಬುಡದ ಗೆಣ್ಣುಗಳು ಬಾತು ಸೀಮೆಸುಣ್ಣ ಹಿಡಿದರೆ ಜಾರಿ ಬೀಳುತ್ತಿತ್ತು. ಹಿತ್ತಿಲಲ್ಲಿ ಉಚ್ಚೆ ಹೊಯ್ದ ಜಾಗಕ್ಕೆ ಇರುವೆ ಸಾಲುಗಟ್ಟುತ್ತಿದ್ದವು. ಮೈಬಣ್ಣ ಗೋಧಿ ಹೋಗಿ ಕಂಚಾಗಿ, ಕಂಚು ಹೋಗಿ ಬಾಣಲೆ ತಳದ ಬಣ್ಣಕ್ಕೆ ತಿರುಗಿತು. "ಬಿಸಿಲು ಮೇಷ್ಟ್ರೇ, ಡ್ರಿಲ್ಲು ಮಾಡುಸ್ತೀರಲ್ಲ" ಅಂದರು ಜನ. ನಾನೂ ಬಿಸಿಲೇ ಅಂದೆ.

ಆಗಷ್ಟೇ ಪೇಟೆಯಲ್ಲಿ ಬೋರ್ಡು ಹಾಕಿಕೊಂಡಿದ್ದ ಒಬ್ಬ ಡಾಕ್ಟರಿದ್ದರು. ಕೊರಳಿನ ಸ್ಟೆತಾಸ್ಕೋಪನ್ನು ಹೋಟೆಲಿನಲ್ಲಿ ವಡೆ ತಿನ್ನುವಾಗಲೂ ತೆಗೆಯುತ್ತಿರಲಿಲ್ಲ. ತಲೆನೋವಿರಲಿ, ಬೆನ್ನುನೋವಿರಲಿ, ಹೆಂಡತಿ ತವರಿಗೆ ಹೋದ ಬೇಸರವಿರಲಿ, ಅವರ ಬಳಿ ಇದ್ದದ್ದು ಒಂದೇ ಉತ್ತರ. ಅದು ಕೆಂಪಗಿತ್ತು, ಬಾಟಲಿಯಲ್ಲಿತ್ತು. ನನ್ನ ಕಣ್ಣೆವೆ ಕೆಳಗೆ ಎಳೆದು ನೋಡಿ, "ರಕ್ತ ಸಾಲದು ಮೇಷ್ಟ್ರೇ. ಕಬ್ಬಿಣದ ಟಾನಿಕ್ಕು. ದಿನಕ್ಕೆ ಮೂರು ಸಲ" ಅಂದರು. ಇಂಗ್ಲಿಷಿನಲ್ಲಿ ಅಂದರು, ಆದ್ದರಿಂದ ನನಗೆ ಅದು ನಿಜವೆನಿಸಿತು.

ಮನೆಯಲ್ಲಿ ಅವ್ವ. ಅವಳೂ ರಕ್ತ ಸಾಲದು ಅಂದಳು. ಊರಿನಿಂದ ಸವೆದ ನೇಗಿಲಿನ ಗುಳ ತರಿಸಿಕೊಂಡಳು. ದಿನಾ ಬೆಳಿಗ್ಗೆ ಆ ಕಬ್ಬಿಣದ ತುಂಡನ್ನು ಒಲೆಯಲ್ಲಿ ಕೆಂಡದ ಹಾಗೆ ಕಾಯಿಸಿ, ಇಕ್ಕಳದಲ್ಲಿ ಎತ್ತಿ ಮಜ್ಜಿಗೆ ಚೊಂಬಿಗೆ ಅದ್ದುವಳು. ಚುಂಯ್ ಎಂದು ಹೊಗೆ ಏಳುತ್ತಿತ್ತು. "ಕುಡ್ಕಳಪ್ಪ, ಕಬ್ಬಿಣದ ಸತ್ವ ಮೈಗತ್ತಲಿ." ನಮ್ಮ ಕಡೆ ಮೈ ಸೊರಗಿದವರಿಗೆಲ್ಲ ಗುಳದ ಮಜ್ಜಿಗೆಯೇ ಮದ್ದು, ಎಷ್ಟೋ ಬಾಣಂತಿಯರು ಅದರಿಂದಲೇ ಎದ್ದು ಓಡಾಡಿದ್ದಾರೆ. ನಾನೂ ಕುಡಿದೆ. ಕಬ್ಬಿಣ ತುಂಬಿ ಸಾಯುತ್ತಿದ್ದ ಮೈಗೆ ಬೆಳಿಗ್ಗೆ ತಾಯಿ ಕಬ್ಬಿಣ ಕುಡಿಸಿದಳು, ಮಧ್ಯಾಹ್ನದಿಂದ ಡಾಕ್ಟರು ಕುಡಿಸಿದರು. ಆರು ತಿಂಗಳಲ್ಲಿ ಗೋಡೆ ಹಿಡಿದು ನಡೆಯುವ ಹಾಗಾದೆ.

ಆಗಿನ ಕ್ಷೌರವೆಂದರೆ ಮುಖವೊಂದೇ ಅಲ್ಲ, ಕಂಕುಳೂ ಸೇರಿತ್ತು. ಒಂದು ಭಾನುವಾರ ಸಾಬರು ನನ್ನ ತೋಳು ಎತ್ತಿ ಹಿಡಿದವರು ಕತ್ತಿ ಆಡಿಸಲಿಲ್ಲ. ನೋಡುತ್ತ ನಿಂತರು. ಬೋಳು ಹೆಬ್ಬೆರಳಿನಿಂದ ಒತ್ತಿ ಉಜ್ಜಿದರು.

"ಮೈ ಯಾಕಿಂಗಾಯ್ತು ಮೇಷ್ಟ್ರೇ?"

"ಬಿಸಿಲು."

"ಬಿಸ್ಲು ಕಂಕುಳ್ಗೂ ಬೀಳ್ತದಾ?"

ಮರದ ಕೆಳಗೆ ಸರದಿಗೆ ಕಾಯುತ್ತಿದ್ದ ಇಬ್ಬರು ನಕ್ಕರು. ನನಗೆ ರೇಗಿಹೋಯಿತು. "ನಿಮ್ಮ ಕೆಲಸ ನೋಡ್ಕೊಳ್ಳಿ" ಅಂದೆ. "ಇದೇ ಕಣಪ್ಪ ನನ್ ಕೆಲ್ಸ" ಅಂದು ಅವರು ಕತ್ತಿ ಕೈಗೆತ್ತಿಕೊಂಡರು. ಆಮೇಲೆ ಕಿವಿಯ ಹತ್ತಿರ ಬಗ್ಗಿ, ಉಳಿದವರಿಗೆ ಕೇಳದ ಹಾಗೆ, "ಖೂನು, ನಿಮ್ ರಕ್ತ, ಸುಟ್ಟು ಗಟ್ಟಿಯಾಗ್ಬುಟ್ಟದೆ. ತೆಗೀಬೇಕು. ತೆಗೀದಿದ್ರೆ ಒಂಟೋಯ್ತೀರಿ" ಅಂದರು.

ಅವರ ತಾತನ ಕಾಲದಿಂದ ಅವರ ಮನೆಯಲ್ಲಿ ನರ ಚುಚ್ಚಿ ರಕ್ತ ತೆಗೆಯುವ ವಿದ್ಯೆ ಇತ್ತು. ಅದನ್ನು ನಾನು ಕಟುಕರ ಕೆಲಸವೆಂದು ಹೋಟೆಲಿನಲ್ಲಿ ಆಡಿಕೊಂಡಿದ್ದೆ. ಆ ದಿನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಹೆಂಡತಿಯ ಕನ್ನಡಿಯಲ್ಲಿ ಕಂಕುಳು ನೋಡಿಕೊಂಡೆ. ತೊಡೆಯ ಸಂದಿ ನೋಡಿಕೊಂಡೆ. ಹುಟ್ಟಿದಾಗಿನಿಂದ ಬಿಸಿಲು ಕಾಣದ ಜಾಗವೆಲ್ಲ ಒಂದೇ ಬಣ್ಣವಾಗಿತ್ತು. 

ಹೋದೆ. ಹೇಗೆ ಹೋದೆ ಕೇಳಿ. ಊರೆಲ್ಲ ಉಂಡು ಮಲಗಿದ್ದ ಭಾನುವಾರದ ಮಧ್ಯಾಹ್ನ, ಹಳ್ಳದ ದಾರಿ ಹಿಡಿದು, ಅವರ ಮನೆಯ ಹಿತ್ತಿಲ ಬಾಗಿಲಿನಿಂದ. ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದೆ, ದೂರದಿಂದ ಗುರುತು ಸಿಗಬಾರದೆಂದು.

ಅವರು ಏನೂ ಕೇಳಲಿಲ್ಲ. ತೋಳಿಗೆ ಬಟ್ಟೆ ಬಿಗಿದು, ಮುಷ್ಟಿಯಲ್ಲಿ ಲಟ್ಟಣಿಗೆ ಹಿಡಿಸಿದರು. ಹೆಬ್ಬೆರಳು ಮೊಣಕೈ ಸಂದಿಯಲ್ಲಿ ಓಡಾಡಿ ಒಂದು ಕಡೆ ನಿಂತಿತು. ಚುಚ್ಚಿದ್ದು ಗೊತ್ತಾಗಲಿಲ್ಲ. ಒಳಗಡೆ ಗೀಟು ಹಾಕಿದ್ದ ಮಣ್ಣಿನ ಬಟ್ಟಲನ್ನು ಅವರ ಹೆಂಡತಿ ಹಿಡಿದರು, ಗೀಟಿನವರೆಗೆ ತುಂಬಿದ ಮೇಲೆ ಸಾಬರು ಬಟ್ಟೆ ಸಡಿಲಿಸಿದರು. ಆಮೇಲೆ ಹಾಲು ಬೆಲ್ಲ ಯಾವುದೂ ಇಲ್ಲದ ಕಪ್ಪು ಟೀ. ಅದು ಹಾಳು ಕಷಾಯದ ಹಾಗಿತ್ತು, ಮುಖ ಸಿಂಡರಿಸಿದೆ.

"ಬಾಯ್ಗೆ ಕಹಿ ಅಂತೀರಾ? ಮೈಗ್ ಆಯ್ತದೆ, ಕುಡೀರಿ" ಅಂದರು. "ಉಂಡಾಗೆಲ್ಲ ಇದ್ನೇ ಕುಡೀರಿ. ಆ ಕೆಂಪ್ ನೀರು ಚರಂಡಿಗ್ ಸುರೀರಿ. ಗುಳದ ಮಜ್ಜಿಗೆ ಬ್ಯಾಡ. ಈಲಿ ಬ್ಯಾಡ. ಹೆಂಡ ಗಿಂಡ ಕುಡಿಯೋರಾದ್ರೆ ನನ್ತಾಕ್ ಬರ್ಬ್ಯಾಡಿ." ಯಾವ ಪುಸ್ತಕದಿಂದ ಕಲಿತಿದ್ದರೋ, ಅವರಿಗೆ ಪುಸ್ತಕವೇ ಇರಲಿಲ್ಲ. ಈಗಿನ ದೊಡ್ಡ ಆಸ್ಪತ್ರೆಯವರು ಕೊಟ್ಟ ಪಟ್ಟಿಯಲ್ಲೂ ಇವೇ ಇವೆ.

ಮೊದಲ ವರ್ಷ ಹದಿನೈದು ದಿನಕ್ಕೊಮ್ಮೆ, ಆಮೇಲೆ ಹುಣ್ಣಿಮೆ ಕಳೆದ ಮೂರನೆಯ ದಿನ, ತಿಂಗಳಿಗೊಮ್ಮೆ. ತೆಗೆದ ದಿನ ತಲೆ ಗಿರ್ರೆನ್ನುತ್ತಿತ್ತು, ಬಾಯಿ ಒಣಗುತ್ತಿತ್ತು, ಮಾರನೆಯ ದಿನ ಪಾಠ ಮಾಡುವಾಗ ಮೇಜು ಹಿಡಿದುಕೊಳ್ಳುತ್ತಿದ್ದೆ. ಮೂರನೆಯ ದಿನ ಮೈ ಹಗುರ. ಆರೇಳು ತಿಂಗಳಿಗೆ ಸುಸ್ತು ಇಳಿಯಿತು, ವರ್ಷದ ಹೊತ್ತಿಗೆ ಬಣ್ಣ ತಿಳಿಯಾಯಿತು. ಗೆಣ್ಣು ನೋವು ಮಾತ್ರ ಜಗ್ಗಲಿಲ್ಲ, ಇರುವೆಗಳೂ ಹಿತ್ತಿಲು ಬಿಡಲಿಲ್ಲ. ಒಮ್ಮೆ ಗೊಣಗಿದೆ.

"ಗೆಣ್ಣು ಓಗಕ್ಕಿಲ್ಲ. ಅದು ನಿಮ್ದು, ಮಡಿಕ್ಕಳಿ. ಜೀವ ಉಳಿತಲ್ಲ, ಸಾಲ್ದಾ?" ಅಂದರು. "ನಿಮ್ಗೆ ಎಲ್ಲಾ ಬೇಕು."

ನನ್ನ ಮುಖ ತಿಳಿಯಾದದ್ದನ್ನು ಊರಿಗೆ ಮೊದಲು ತೋರಿಸಿದವರು ಟಾನಿಕ್ ಡಾಕ್ಟರು. ಬಾಟಲಿ ಮಾತ್ರ ತಪ್ಪದೆ ತರುತ್ತಿದ್ದೆ, ಅವ್ವನ ಮಜ್ಜಿಗೆಯ ಜೊತೆ ಕದ್ದು ಚರಂಡಿಗೆ ಸುರಿಯುತ್ತಿದ್ದೆ. ಒಂದು ಸಂಜೆ ಹೋಟೆಲಿನಲ್ಲಿ ಹತ್ತು ಜನರ ಮುಂದೆ ನನ್ನ ಭುಜ ತಟ್ಟಿ, "ನೋಡಿ, ನನ್ನ ಟಾನಿಕ್ಕಿನ ಸಾಕ್ಷಿ ಇಲ್ಲಿ ಕೂತಿದೆ!" ಅಂದರು. ತೋಳಿನ ಬಟ್ಟೆಯೊಳಗೆ ಹಿಂದಿನ ದಿನ ಚುಚ್ಚಿದ ಗಾಯ ಇನ್ನೂ ನೋಯುತ್ತಿತ್ತು. ನಾನು ಹಲ್ಲು ಕಿರಿದೆ. "ಎಲ್ಲಾ ತಮ್ಮ ಕೃಪೆ" ಅಂದೆ. ಥೂ!

ಅಷ್ಟಕ್ಕೇ ನಿಂತಿದ್ದರೆ ಸರಿಯಿತ್ತು. ಯಾರೋ ಬಸುರಿಗೆ ಸಾಬರು ರಕ್ತ ತೆಗೆಯುವುದಿಲ್ಲ ಎಂದು ಬೈದು ಕಳಿಸಿದ್ದರು. ಅದನ್ನೇ ತಿರುಚಿ, ಅವರು ರಕ್ತ ತೆಗೆದು ಜನರನ್ನು ಕೊಲ್ಲುತ್ತಾರೆಂದು ಡಾಕ್ಟರು ತಾಲ್ಲೂಕು ಕಚೇರಿಗೆ ಅರ್ಜಿ ಕೊಡಲು ಹೊರಟರು. ಅರ್ಜಿ ಬರೆಯಲು ದುಂಡಕ್ಷರದವನು ಬೇಕಲ್ಲ? ನನ್ನನ್ನು ಕರೆದರು. ಇಲ್ಲ ಅಂದಿದ್ದರೆ ಯಾಕೆ ಅನ್ನುತ್ತಿದ್ದರು. ಯಾಕೆ ಅಂದರೆ ತೋಳು ತೋರಿಸಬೇಕಿತ್ತು. ಕೋಟು ಹಾಕುವ ಮೇಷ್ಟ್ರು ಕ್ಷೌರದವರ ಹಿತ್ತಿಲಲ್ಲಿ ಕೂತು ಎದ್ದು ಬರುತ್ತಾನೆಂದು ಊರಿಗೆ ಗೊತ್ತಾಗುತ್ತಿತ್ತು. ನಾನೇ ಬರೆದೆ. ಮೊದಲ ಸಹಿಯನ್ನೂ ನಾನೇ ಹಾಕಿದೆ.

ಅದೇ ಮೇಜಿನ ಮೇಲೆ ಇನ್ನೊಂದು ಕಾಗದ ಬರೆದೆ. ಊರಿನಲ್ಲಿ ಅಣ್ಣನಿಗೂ ಸುಸ್ತು, ಗೆಣ್ಣು ನೋವು ಶುರುವಾಗಿದೆಯೆಂದು ಹೇಳಿ ಕಳಿಸಿದ್ದ. ಮಳವಳ್ಳಿಗೆ ಹೋಗುವವರ ಕೈಯಲ್ಲಿ ಬಾಟಲಿ ಕಳಿಸುತ್ತೇನೆ, ಜೊತೆಗೆ ನೀವೂ ನಾಲ್ಕು ಸಾಲು ಬರೆಯಿರಿ ಅಂದರು ಡಾಕ್ಟರು. ಎದುರಿಗೇ ಕೂತು ಓದುತ್ತಿದ್ದರು. ಬರೆದೆ: ಟಾನಿಕ್ಕನ್ನು ತಪ್ಪದೆ ಕುಡಿ, ದಿನಾ ಕುರಿಯ ಈಲಿ ತಿನ್ನು, ರಕ್ತ ತೆಗೆಯುವ ಸಾಬರು ಯಾರಾದರೂ ಬಂದರೆ ಹೊಸಿಲು ತುಳಿಸಬೇಡ. ಎರಡು ದಿನ ಬಿಟ್ಟು ಬೇರೆ ಕಾಗದ ಬರೆದು ಸರಿ ಮಾಡಿದರಾಯಿತು ಅಂದುಕೊಂಡೆ. ಅಂದುಕೊಂಡೆ, ಅಷ್ಟೆ. ದೊಡ್ಡ ಮಗನ ಸಂಕಟ ಕೇಳಿ ಅವ್ವ ಗುಳ ಗಂಟು ಕಟ್ಟಿಕೊಂಡು ಊರಿಗೆ ಹೋದಳು. ಅವಳನ್ನೂ ನಾನು ತಡೆಯಲಿಲ್ಲ.

ಕಚೇರಿಯಿಂದ ಜವಾನ ಬಂದು ಸಾಬರಿಗೆ ಇನ್ನು ಮೇಲೆ ರಕ್ತ ತೆಗೆಯಕೂಡದೆಂದು ಹೇಳಿ ಹೋದ. ಆ ತಿಂಗಳು ಹುಣ್ಣಿಮೆ ಕಳೆದ ಮೂರನೆಯ ದಿನ ನಾನು ನಾಚಿಕೆಯಿಲ್ಲದೆ ಹಿತ್ತಿಲ ಬಾಗಿಲು ತಟ್ಟಿದೆ. ಅವರು ತೆರೆದರು. ಬಟ್ಟೆ ಬಿಗಿದರು. ನರ ಹುಡುಕುತ್ತ, "ಅಕ್ಸರ ಬಲೇ ಚಂದಾಗಿತ್ತಂತೆ ಮೇಷ್ಟ್ರೇ" ಅಂದರು. "ಓದ್ದೋರು ಯೋಳುದ್ರು."

ನಾನು ಲಟ್ಟಣಿಗೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ.

"ನಿಮ್ಮೊಬ್ರುದು ತೆಗೀತೀನಿ. ಮಿಕ್ಕೋರು ಸಾಯಕ್ಕಿಲ್ಲ, ನೀವ್ ಸಾಯ್ತೀರಿ. ಸಾಯಂಗಿದ್ರೆ ನನ್ ಕೈಲಿ ಬ್ಯಾಡ, ಆ ಡಾಕ್ಟ್ರು ಕೈಲಿ ಸಾಯ್ರಿ" ಅಂದರು. ಬಟ್ಟಲು ಹಿಡಿದಿದ್ದ ಅವರ ಹೆಂಡತಿ ಮುಖ ತಿರುಗಿಸಿಕೊಂಡಿದ್ದರು. ಆದರೂ ಟೀ ಕೊಟ್ಟರು.

ಆ ಬೇಸಿಗೆಯಲ್ಲಿ ಅಣ್ಣ ಕುರಿ ಹೊಡೆದುಕೊಂಡು ಮದ್ದೂರಿನ ಸಂತೆಗೆ ಬಂದ. ನಾನು ಹೊಂಗೆ ಮರದ ಕೆಳಗೆ ಕೂತಿದ್ದಾಗ ಅಲ್ಲಿಗೇ ಹುಡುಕಿಕೊಂಡು ಬಂದು ನಿಂತ. ನಾಲ್ಕು ವರ್ಷದ ಹಿಂದೆ ನಾನಿದ್ದ ಬಣ್ಣವೇ. ಸಾಬರ ಕೈ ನನ್ನ ಕೆನ್ನೆಯ ಮೇಲೆ ನಿಂತುಹೋಯಿತು.

"ನಿಮ್ಮಣ್ಣನಾ?" ಅಂದವರು ಅವನ ಕಡೆ ತಿರುಗಿ, "ವಸಿ ತೋಳೆತ್ತಪ್ಪಾ" ಅಂದರು.

ಅಣ್ಣ ನಕ್ಕ. "ನಂಗೆ ಚೌರ ಬ್ಯಾಡ ಕಣ್ ಸಾಬ್ರೇ, ಕುರಿ ನಿಂತವೆ" ಎಂದು ಹೋದ. ಅವನು ಅತ್ತ ಹೋಗುತ್ತಲೇ ಸಾಬರು ಕತ್ತಿ ಕೆಳಗಿಟ್ಟರು. "ಅದೇ ಖೂನು. ಒಂದೇ ಮನೇದು. ಕರ್ಕಂಡ್ ಬನ್ನಿ. ಈಗ್ಲೂ ಟೈಮ್ ಅದೆ" ಅಂದರು. ನಾನು ಆಯಿತು ಅಂದೆ.

ಮನೆಯಲ್ಲಿ ಅಣ್ಣ ಉಂಡ, ಮಗನ ಮಾತಾಡಿದ. ಏಳು ವರ್ಷದ ಮಗ, ಅವನನ್ನೂ ಓದಿಸಬೇಕು ಕಣ್ಲಾ ನಿನ್ನಂಗೆ ಅಂದ. "ಟಾನಿಕ್ಕು ಕುಡೀತಿದೀಯಾ?" ಅಂದೆ. "ನೀ ಬರ್ದಿದೀಯಲ್ಲ!" ಅಂದ. ಆಗ ಹೇಳಬಹುದಿತ್ತು. ಸಾಬರ ಮನೆ ಮುನ್ನೂರು ಗಜ ದೂರದಲ್ಲಿತ್ತು. ಆದರೆ ಹೇಳಿದರೆ, ನನ್ನ ತಮ್ಮ ಬರೆದದ್ದು ಸುಳ್ಳು ಎಂದು ಅವನಿಗೆ ಗೊತ್ತಾಗುತ್ತಿತ್ತು. ಅವನ ಮುಂದೆ ಸಣ್ಣವನಾಗುವುದಕ್ಕೆ ನನ್ನಿಂದ ಆಗಲಿಲ್ಲ. ಮುಂದಿನ ಸಂತೆಗೆ ಬಂದಾಗ ಹೇಳುತ್ತೇನೆ ಅಂದುಕೊಂಡೆ. ಮುಂದಿನ ಸಂತೆಗೆ ಅವನು ಬರಲಿಲ್ಲ.

ಎರಡು ತಿಂಗಳು ಸಾಬರು ಕೇಳಿದರು. "ಬಂದ್ರಾ?" ಇಲ್ಲ, ಶಾಲೆಯಲ್ಲಿ ಪರೀಕ್ಷೆ. "ಬಂದ್ರಾ?" ಇಲ್ಲ, ನೆಂಟರು. ಮೂರನೆಯ ಸಲ ಕೇಳಲಿಲ್ಲ. ತಾವೇ ಹೋದರು. ಅರವತ್ತು ದಾಟಿದ ಮನುಷ್ಯ, ಅದೂ ಇದ್ದಿಲ ಗ್ಯಾಸಿನ ಬಸ್ಸಿನ ಕಾಲ. ಏರು ಬಂದಲ್ಲೆಲ್ಲ ಇಳಿದು ತಳ್ಳಬೇಕಿತ್ತು. ಮಳವಳ್ಳಿಯಲ್ಲಿ ಇಳಿದು ನಮ್ಮ ಹಳ್ಳಿಯವರೆಗೆ ನಡೆದರಂತೆ, ಬಟ್ಟಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು.

ವಾಪಸು ಬಂದು ನನ್ನ ಮನೆಯ ಮುಂದೆ ನಿಂತರು. ನನ್ನ ಮನೆಗೆ ಅವರು ಬಂದದ್ದು ಅದೊಂದೇ ಸಲ. ಒಳಗೆ ಕರೆದೆ. ಬರಲಿಲ್ಲ.

"ಜಗಲಿ ಮ್ಯಾಲೆ ಕುಂಡ್ರಿಸ್ದ. ಮಜ್ಜಿಗೆ ಕೊಡುಸ್ದ. ಒಳ್ಳೇ ಮನುಸ. ಇಂಗಿಂಗೆ, ನಿಮ್ ತಮ್ಮಂಗೂ ನಾನೇ ತೆಗೀತಿರೋದು, ತೋಳು ಕೊಡಿ ಅಂದೆ. ಡಬ್ಬಿ ತಂದ. ಕಾಗ್ದ ತೆಗ್ದು, 'ನಂಗ್ ಓದಕ್ ಬರಕ್ಕಿಲ್ಲ, ನನ್ ತಮ್ಮ ಬರ್ದವ್ನೆ, ನಿಮ್ಮಂತೋರ್ನ ಹೊಸ್ಲು ತುಳುಸ್ಬ್ಯಾಡ ಅಂತ ಬರ್ದವ್ನೆ, ಜಗಲಿ ಗಂಟ ಬುಟ್ಟಿದೀನಿ, ಬೇಜಾರ್ ಮಾಡ್ಕಬ್ಯಾಡಿ' ಅಂದ." ಇಷ್ಟು ಹೇಳಿ ಸಾಬರು ಉಗಿದರು, ನನ್ನ ಮೇಲಲ್ಲ, ಪಕ್ಕಕ್ಕೆ. "ನಾಳೀಕ್ ಓಗಿ. ನೀವೇ ಓಗಿ ಸುಳ್ ಬರ್ದೆ ಅನ್ನಿ."

ಮಾರನೆಯ ದಿನ ಹೋಗಲಿಲ್ಲ. ಶಾಲೆಗೆ ಇನ್‌ಸ್ಪೆಕ್ಟರು ಬರುವವರಿದ್ದರು. ನಾನು ಹೋದದ್ದು ಹದಿನೆಂಟು ದಿನದ ಮೇಲೆ. ಅಣ್ಣನ ಹೊಟ್ಟೆ ಬಿಂದಿಗೆಯ ಹಾಗೆ ಊದಿತ್ತು, ಕಣ್ಣು ಅರಿಸಿನ. ಹಿಂದಿನ ದಿನ ರಕ್ತ ಕಾರಿದ್ದ. ತಲೆದಿಂಬಿನ ಪಕ್ಕ ಕೆಂಪು ಬಾಟಲಿಗಳು ಸಾಲಾಗಿದ್ದವು. ಒಲೆಯ ಮುಂದೆ ಅವ್ವ ಗುಳ ಕಾಯಿಸುತ್ತಿದ್ದಳು. ನನ್ನನ್ನು ನೋಡಿ ಅಣ್ಣನ ಮುಖ ಅರಳಿತು.

"ನೀ ಬರ್ದಂಗೇ ಮಾಡ್ದೆ ಕಣ್ಲಾ," ಅಂದ. "ಒಂದಿನಾನೂ ತಪ್ಪುಸ್ನಿಲ್ಲ."

ಮೂರನೆಯ ದಿನ ಹೋದ. ಆ ಮೂರು ದಿನದಲ್ಲೂ ನಾನು ಅವನಿಗೆ ಹೇಳಲಿಲ್ಲ. ಸಾಯುವವನ ನೆಮ್ಮದಿ ಯಾಕೆ ಕೆಡಿಸಬೇಕೆಂದು ಆಗ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸುಳ್ಳು. ನನ್ನ ನೆಮ್ಮದಿಯನ್ನು ನಾನು ಕಾಪಾಡಿಕೊಂಡೆ, ಅಷ್ಟೆ.

ತಿಥಿ ಮುಗಿಸಿ ಬೋಳುತಲೆಯಲ್ಲಿ ಮದ್ದೂರಿಗೆ ಬಂದವನು, ಇನ್ನು ಸಾಬರ ಬಾಗಿಲು ತಟ್ಟಬಾರದು, ಸತ್ತರೆ ಸಾಯುತ್ತೇನೆ ಅಂದುಕೊಂಡೆ. ಅದೂ ಒಂದು ಸೋಗು. ಹುಣ್ಣಿಮೆ ಕಳೆದ ಐದನೆಯ ದಿನ ಶಾಲೆಯಿಂದ ಬರುವಾಗ ಅವರು ದಾರಿಯಲ್ಲಿ ನಿಂತಿದ್ದರು. ನನ್ನ ತಲೆ ನೋಡಿದರು. ಗೊತ್ತಾಯಿತು. 

"ಎಲ್ಡ್ ದಿನ ತಡ ಆಗ್ಬುಟ್ಟದೆ," ಅಂದರು. "ನಡೀರಿ."

"ನನ್ನನ್ಯಾಕೆ ಉಳಿಸ್ತೀರಿ?" ಅಂದೆ. ಅಳು ಬಂದಿತ್ತು.

"ನಿಮ್ಗೋಸ್ಕರ ಅಲ್ಲ. ಆ ಮನೇಲೊಂದು ಮಗ ಅದೆ. ಇದೇ ಖೂನಿದ್ರೆ ಅದರ ತೋಳ್ ನೋಡೋರ್ ಬ್ಯಾಡ್ವಾ? ನಿಮ್ನ ಬುಟ್ರೆ ಇನ್ಯಾರ್ಗೆ ಗೊತ್ತು?" ಅಂದು ಮುಂದೆ ನಡೆದರು. ನಾನು ಹಿಂದೆ ಹೋದೆ. ಆಮೇಲೂ ಮೂರು ವರ್ಷ, ತಿಂಗಳು ತಪ್ಪದೆ ನನ್ನ ರಕ್ತ ತೆಗೆದರು. ಆ ಮೂರು ವರ್ಷದಲ್ಲಿ ತೋಳು, ಬಟ್ಟೆ, ಟೀ, ಇಷ್ಟು ಬಿಟ್ಟು ಬೇರೆ ಮಾತಾಡಲಿಲ್ಲ.

ನಲವತ್ತೇಳನೆಯ ಇಸವಿಯ ಕೊನೆಗೆ ಅವರೇ ಮಲಗಿದರು. ಎದೆಯಲ್ಲಿ ಕಫ. ನೋಡಲು ಹೋದೆ. ಅವತ್ತು ಹಳ್ಳದ ದಾರಿ ಹಿಡಿಯಲಿಲ್ಲ. ರುಮಾಲು ಸುತ್ತಿ, ಸಂತೆ ದಿನ, ಜನರ ನಡುವೆ ನಡೆದು ಮುಂಬಾಗಿಲಿನಿಂದ ಹೋದೆ. ಚಾಪೆಯ ಮೇಲಿದ್ದವರು ಬಾಗಿಲ ಕಡೆ ನೋಡಿ ನಕ್ಕರು. ನನ್ನನ್ನು ನೋಡಿ ಅವರು ನಕ್ಕದ್ದೂ ಅದೇ ಮೊದಲು.

"ಮುಂದಿನ್ ಬಾಗ್ಲು ನಿಮ್ಗೆ ಕಾಣ್ಬೇಕಾದ್ರೆ ನಾನ್ ಸಾಯ್ಬೇಕಾಯ್ತು ನೋಡಿ" ಅಂದರು.

ತೋಳಿಗೆ ಕೈ ಹಾಕಿ ಬೋಳು ಬೆರಳಿನಿಂದ ನರ ಸವರಿದರು. "ಆ ಮಗೀಗೆ ಮೂವತ್ತಾದ್ ಮ್ಯಾಲೆ ಕಂಕುಳು ನೋಡಿ. ಮುಖ ನೋಡ್ಬ್ಯಾಡಿ, ಮುಖಕ್ ಬಿಸ್ಲು ಬೀಳ್ತದೆ" ಅಂದರು. ಎಂಟು ದಿನದ ಮೇಲೆ ಹೋದರು. ಅವರಾದ ಮೇಲೆ ಅವರ ಹೆಂಡತಿ ಅದೇ ಬಟ್ಟಲಿಗೆ ಕೆಲವು ವರ್ಷ ನನ್ನ ರಕ್ತ ತೆಗೆದರು, ಮುಖ ತಿರುಗಿಸಿಕೊಂಡೇ.

ಆಮೇಲೆ ಬೆಂಗಳೂರಿನ ದೊಡ್ಡ ಆಸ್ಪತ್ರೆ ಸೇರಿದೆ. ಅಲ್ಲಿನ ವೈದ್ಯರು ರೋಗಕ್ಕೆ ಹೆಸರು ಹೇಳಿದರು. ನನ್ನ ತೋಳಿನ ಕಲೆಗಳನ್ನು ಎಣಿಸಿ ಬೆರಗಾದರು. "ಇಷ್ಟು ವರ್ಷ ನಿಮ್ಮನ್ನ ಉಳಿಸಿರೋದು ಇದು. ಆ ಕಾಲದಲ್ಲಿ ಯಾರು ತೆಗೀತಿದ್ರು?" ಅಂದರು. ಸುತ್ತ ವಿದ್ಯಾರ್ಥಿಗಳು ನಿಂತಿದ್ದರು. ಐವತ್ತು ದಾಟಿದ್ದೆ, ಅಣ್ಣನನ್ನು ಸುಟ್ಟು ಬಂದಿದ್ದೆ, ಆದರೂ ನನ್ನ ಬಾಯಿಂದ ಬಂದದ್ದು, "ಮದ್ದೂರಲ್ಲಿ ಒಬ್ಬರು ಡಾಕ್ಟರಿದ್ದರು" ಎಂದು.

ಅಣ್ಣನ ಮಗ ಓದಿದ. ಕೆ.ಎಂ. ದೊಡ್ಡಿಯಲ್ಲಿ ಅವನೂ ಮೇಷ್ಟ್ರಾದ. ಅವನಿಗೆ ಮೂವತ್ತು ತುಂಬಿದ ವರ್ಷ ಮನೆಗೆ ಕರೆಸಿದೆ. "ಅಂಗಿ ಬಿಚ್ಚು, ತೋಳೆತ್ತು" ಅಂದೆ. ಅವನು ಎತ್ತಿದ. ಅದೇ ಬಣ್ಣ, ಇನ್ನೂ ತೆಳು. 

"ನಮ್ಮಪ್ಪಂಗೂ ಇಂಗೇ ಇತ್ತಾ ಚಿಕ್ಕಪ್ಪ?"

"ಇತ್ತು."

"ಯಾರೂ ನೋಡ್ನಿಲ್ವಾ?"

ಇಲ್ಲ ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. "ಒಬ್ಬರು ನೋಡಿದ್ರು ಕಣಪ್ಪ. ಮದ್ದೂರಿಂದ ನಿಮ್ಮ ಜಗಲಿವರೆಗೆ ಬಂದಿದ್ರು. ವಾಪಸ್ ಕಳಿಸಿದ್ದು ನಾನು ಬರೆದ ಕಾಗದ" ಅಂದೆ. ಎಲ್ಲ ಹೇಳಿದೆ.

ಅವನು ಅಂಗಿ ತೊಟ್ಟು ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡ. "ಆ ಕಾಗ್ದದ್ ಡಬ್ಬಿ ನನ್ ತಾವೇ ಅದೆ," ಅಂದ. "ಓದಕ್ ಬಂದ್ ವರ್ಸಾನೇ ಓದ್ಕಂಡೆ. ಜಗಲಿ ಮ್ಯಾಲೆ ಕುಂತಿದ್ದೋರ್ನ ನಾನೂ ನೋಡಿದೀನಿ. ನೀನ್ ಯಾವತ್ ಯೋಳ್ತೀಯ ಅಂತ ಕಾಯ್ತಿದ್ದೆ. ನಡಿ, ಆಸ್ಪತ್ರೆ ಎಲ್ಲದೆ ತೋರ್ಸು."

ಅದೇ ಆಸ್ಪತ್ರೆ, ಅದೇ ವೈದ್ಯರು. ಅವನ ರಕ್ತ ಪರೀಕ್ಷೆ ಮಾಡಿ, ಒಳಗೆ ಇನ್ನೂ ಏನೂ ಕೆಟ್ಟಿಲ್ಲ, ರಕ್ತ ತೆಗೆಯುತ್ತಿದ್ದರೆ ಬೇರೆಯವರ ಹಾಗೇ ಬಾಳುತ್ತಾನೆ ಅಂದರು. "ಇಷ್ಟು ಮುಂಚೆ ಪತ್ತೆ ಮಾಡಿದ್ದು ಯಾರು?" ಎಂದು ಕೇಳಿದರು. ನನ್ನನ್ನು ನೋಡಿಯೇ ಕೇಳಿದರು. ನಾನು ಬಾಯಿ ತೆರೆದೆ.

ಅವನು ನನಗೆ ಬಿಡಲಿಲ್ಲ. "ಮದ್ದೂರಲ್ಲಿ ಒಬ್ಬರು ಕ್ಷೌರದ ಸಾಬರಿದ್ರು ಸಾರ್. ಅವರು" ಅಂದ. ವಾರ್ಡಿಗೆಲ್ಲ ಕೇಳುವ ಹಾಗೆ, ಪಾಠ ಹೇಳುವ ದನಿಯಲ್ಲಿ ಅಂದ. "ಇವರದನ್ನೂ ಅವರೇ ತೆಗೀತಿದ್ದದ್ದು."

ವೈದ್ಯರು ನನ್ನ ಕಡೆ ತಿರುಗಿದರು. "ಡಾಕ್ಟರು ಅಂದಿದ್ರಲ್ಲ?"

"ಸುಳ್ಳು ಹೇಳಿದ್ದೆ," ಅಂದೆ.